417 ರೂಪಾಯಿ ಎಲ್ಲಿ ಹೋಯ್ತು? ಕಂಪನಿಗಳು ತಮಗೆ ತಾವೇ ಹಾಕಿಕೊಳ್ಳೋ ರೂಲ್ಸ್ ಬಗ್ಗೆ ಒಂದಿಷ್ಟು ಮಾತು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮೈಸೂರಿನ ಅಗ್ರಹಾರದಿಂದ ಮಾತಾಡ್ತಾ ಇದ್ದೀನಿ. ಮಧ್ಯೆ ಮಧ್ಯೆ ಬಸ್ಸಿನ ಹಾರ್ನ್ ಕೇಳಿಸಿದ್ರೆ ಸ್ವಲ್ಪ ಸಹಿಸಿಕೊಳ್ಳಿ.

ಇವತ್ತಿನ ವಿಷಯದ ಪೂರ್ತಿ ಹೆಸರು ಹೇಳಿದ್ರೆ ನಿಮ್ಮಲ್ಲಿ ಅರ್ಧ ಜನ ಮುಂದಿನ ಎಪಿಸೋಡಿಗೆ ಹೋಗಿಬಿಡ್ತೀರಿ: ‘ಜಾಗತಿಕ ಆಡಳಿತದಲ್ಲಿ ಕಾರ್ಪೊರೇಟ್ ಸ್ವಯಂ ನಿಯಂತ್ರಣದ ಪಾತ್ರ’. ಹಾಗಾಗಿ ಆ ಹೆಸರನ್ನ ಪಕ್ಕಕ್ಕಿಟ್ಟು ಒಂದು ಸಂಖ್ಯೆಯಿಂದ ಶುರು ಮಾಡೋಣ. 417.

2020ರ ಏಪ್ರಿಲ್ 1ರಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ ಜಾಸ್ತಿ ಆಗಬೇಕಿತ್ತು. ಇದು ಬೋನಸ್ ಅಲ್ಲ, ಯಾರೋ ದೊಡ್ಡ ಮನಸ್ಸು ಮಾಡಿ ಕೊಡೋ ದುಡ್ಡೂ ಅಲ್ಲ. ಅಕ್ಕಿ ಬೇಳೆ ರೇಟು ಏರಿದ ಹಾಗೆ ಕನಿಷ್ಠ ವೇತನವೂ ಏರಬೇಕು ಅಂತ ಕಾನೂನಿನಲ್ಲಿ ಇರೋ ಲೆಕ್ಕ. ಅಂದ್ರೆ ಅದು ಕನಿಷ್ಠ ವೇತನದ್ದೇ ಒಂದು ಭಾಗ. ಆದರೆ ಆ ದುಡ್ಡು ಬರಲಿಲ್ಲ. ಒಂದು ತಿಂಗಳಲ್ಲ, ಎರಡು ತಿಂಗಳಲ್ಲ, ಹೆಚ್ಚುಕಮ್ಮಿ ಎರಡು ವರ್ಷ ಬರಲಿಲ್ಲ.

ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಅಂತ ಅಮೆರಿಕದ ಒಂದು ಸಂಸ್ಥೆ ಇದೆ, ಬಟ್ಟೆ ಕಾರ್ಖಾನೆಗಳಲ್ಲಿ ಕಾರ್ಮಿಕರ ಹಕ್ಕುಗಳ ಬಗ್ಗೆ ತನಿಖೆ ಮಾಡುತ್ತೆ. ಹೀಗೆ ದುಡ್ಡು ಬಾರದೆ ಉಳಿದವರು 4 ಲಕ್ಷಕ್ಕೂ ಹೆಚ್ಚು ಜನ ಅಂತ ಅದು ಅಂದಾಜು ಮಾಡಿತು. ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ನೀವೇ ಗುಣಿಸಿ. 4 ಲಕ್ಷ ಗುಣಿಸು 417. ತಿಂಗಳಿಗೆ 16 ಕೋಟಿ 68 ಲಕ್ಷ ರೂಪಾಯಿ. ಒಬ್ಬೊಬ್ಬರ ಲೆಕ್ಕದಲ್ಲಿ ಇದು ಸಣ್ಣ ಮೊತ್ತ, ನಿಮ್ಮ ಒಂದು ರೀಚಾರ್ಜ್ ದುಡ್ಡು. ಕಾರ್ಖಾನೆಗಳ ಲೆಕ್ಕದಲ್ಲಿ ಭಾರಿ ಮೊತ್ತ.

ಈ ಬಟ್ಟೆಗಳನ್ನ ಹೊಲಿಸಿಕೊಳ್ಳುತ್ತಿದ್ದವರು ಯಾರು? ನೈಕಿ, ಪೂಮಾ, ಜಾರಾ, ಗ್ಯಾಪ್, ಎಚ್ ಅಂಡ್ ಎಂ, ಈ ಮಟ್ಟದ ಬ್ರ್ಯಾಂಡುಗಳು. ಇಂಥ ಪ್ರತಿ ಬ್ರ್ಯಾಂಡಿನ ಹತ್ತಿರವೂ ‘ಕೋಡ್ ಆಫ್ ಕಂಡಕ್ಟ್’ ಅಂತ ಒಂದು ಪುಸ್ತಕ ಇರುತ್ತೆ. ನಮ್ಮ ಬಟ್ಟೆ ಹೊಲಿಯೋ ಪ್ರತಿ ಕಾರ್ಖಾನೆ ಆ ದೇಶದ ಕನಿಷ್ಠ ವೇತನ ಕೊಡಲೇಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತೆ. ಪುಸ್ತಕ ಇತ್ತು, ತಪಾಸಣೆ ಮಾಡೋರಿದ್ದರು, ವೆಬ್‌ಸೈಟಿನಲ್ಲಿ ಚೆಂದದ ಫೋಟೋಗಳಿದ್ದವು. 417 ರೂಪಾಯಿ ಮಾತ್ರ ಇರಲಿಲ್ಲ.

ಇವತ್ತಿನ ಪ್ರಶ್ನೆ ಇದೇ. ಕಂಪನಿ ತನಗೆ ತಾನೇ ರೂಲ್ಸ್ ಹಾಕಿಕೊಂಡರೆ ಅದರಿಂದ ನಿಜವಾಗಿ ಏನಾದರೂ ಆಗುತ್ತಾ? ಆದರೆ ಯಾವಾಗ ಆಗುತ್ತೆ?

ಮೊದಲು, ಈ ಪದ್ಧತಿ ಯಾಕೆ ಬಂತು ಅಂತ ನೋಡೋಣ. ಕಾನೂನಿಗೆ ಗಡಿ ಇದೆ, ವ್ಯಾಪಾರಕ್ಕೆ ಇಲ್ಲ. ಕರ್ನಾಟಕದ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಮಂಡ್ಯದ ಕಾರ್ಖಾನೆಗೆ ಹೋಗಬಹುದು, ಸ್ವೀಡನ್ನಿನ ಹೆಡ್ ಆಫೀಸಿಗೆ ಹೋಗೋಕಾಗಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅಂದ್ರೆ ಐಎಲ್‌ಒ, 1919ರಿಂದ ಇದೆ. ಆದರೆ ಅದರ ಒಡಂಬಡಿಕೆಗಳಿಗೆ ಸಹಿ ಹಾಕೋದು ದೇಶಗಳು, ಕಂಪನಿಗಳಲ್ಲ. ಹಾಗಾಗಿ ಮಧ್ಯದಲ್ಲಿ ಒಂದು ಖಾಲಿ ಜಾಗ ಉಳೀತು. ಆರ್ಡರ್ ಕೊಡೋನು ಒಂದು ದೇಶದಲ್ಲಿ, ಹೊಲಿಯೋಳು ಇನ್ನೊಂದು ದೇಶದಲ್ಲಿ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳೋ ನ್ಯಾಯಾಲಯ ಎಲ್ಲೂ ಇಲ್ಲ.

1990ರ ದಶಕದಲ್ಲಿ ಏಷ್ಯಾದ ಕಾರ್ಖಾನೆಗಳ ಕೆಟ್ಟ ಸ್ಥಿತಿ ಅಮೆರಿಕದ ಪೇಪರುಗಳಲ್ಲಿ ಬರೋಕೆ ಶುರುವಾಯ್ತು. ಲಿವೈಸ್, ನೈಕಿ ಥರದ ಕಂಪನಿಗಳು ತಮ್ಮದೇ ಸಂಹಿತೆಗಳನ್ನ ಬರೆದುಕೊಂಡವು. 1999ರ ಜನವರಿಯಲ್ಲಿ ವಿಶ್ವಸಂಸ್ಥೆಯ ಆಗಿನ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ದಾವೋಸ್‌ನಲ್ಲಿ ಉದ್ಯಮಿಗಳ ಮುಂದೆ ನಿಂತು, ನೀವು ನಾವು ಸೇರಿ ಒಂದು ಒಪ್ಪಂದ ಮಾಡಿಕೊಳ್ಳೋಣ ಅಂದ್ರು. 2000ದಲ್ಲಿ ‘ಗ್ಲೋಬಲ್ ಕಾಂಪ್ಯಾಕ್ಟ್’ ಶುರುವಾಯ್ತು. ಕಂಪನಿಗಳು ಸ್ವಇಚ್ಛೆಯಿಂದ ಸೇರಬಹುದು, ವರ್ಷಕ್ಕೊಮ್ಮೆ ವರದಿ ಕೊಡಬೇಕು. ಮಾತು ತಪ್ಪಿದರೆ ದಂಡ ಇಲ್ಲ. ವರದಿಯನ್ನೇ ಕೊಡದಿದ್ದರೆ ಪಟ್ಟಿಯಿಂದ ಹೆಸರು ತೆಗೀತಾರೆ, ಅಷ್ಟೇ.

ನಾನು ಓದಿದ್ದು ಬಿಕಾಂ. ಅಲ್ಲಿ ಆಡಿಟಿಂಗ್ ಪೇಪರಿನಲ್ಲಿ ಮೊದಲು ಕಲಿಸೋ ವಿಷಯ ಒಂದಿದೆ: ಆಡಿಟರ್ ಸ್ವತಂತ್ರನಾಗಿರಬೇಕು. ಲೆಕ್ಕ ಬರೆದವನೇ ಲೆಕ್ಕ ನೋಡಬಾರದು. ನಮ್ಮ ಕಂಪನಿ ಕಾಯ್ದೆಯಲ್ಲಿ ಆಡಿಟರಿಗೆ ಫೀಸು ಕೊಡೋದು ಕಂಪನಿಯೇ, ನಿಜ. ಆದರೆ ನೇಮಕ ಷೇರುದಾರರ ಸಭೆಯಲ್ಲಿ ಆಗಬೇಕು, ತಪ್ಪು ಮಾಡಿದರೆ ಆಡಿಟರ್ ಮೇಲೂ ಕೇಸು ಹಾಕಬಹುದು. ಇಷ್ಟೆಲ್ಲ ಇದ್ದೂ 2009ರ ಜನವರಿಯಲ್ಲಿ ಸತ್ಯಂ ಹಗರಣ ಹೊರಬಿತ್ತು. ದೊಡ್ಡ ಆಡಿಟ್ ಸಂಸ್ಥೆ ವರ್ಷಗಟ್ಟಲೆ ಸಹಿ ಹಾಕಿದ್ದ ಲೆಕ್ಕ ಸುಳ್ಳಾಗಿತ್ತು. ಕಾನೂನಿನ ಹಗ್ಗ ಇದ್ದ ಕಡೆಯೇ ಹೀಗಾದರೆ, ಹಗ್ಗವೇ ಇಲ್ಲದ ಕಡೆ ಏನಾಗಬೇಡ?

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ‘ಸೋಷಿಯಲ್ ಆಡಿಟ್’ ಅಂತ ನಡೆಯುತ್ತೆ. ಬಹಳ ಸಲ ಅದರ ಫೀಸು ಕೊಡೋದು ಕಾರ್ಖಾನೆಯೇ, ಇಲ್ಲಾಂದ್ರೆ ಬ್ರ್ಯಾಂಡು. ವರದಿ ಹೋಗೋದೂ ಅವರಿಗೇ. ಯಾರ ಸಂಬಳದ ಬಗ್ಗೆ ವರದಿ ಬರೀತಾರೋ ಆ ಹೆಣ್ಣುಮಗಳಿಗೆ ಅದನ್ನ ಓದೋ ಹಕ್ಕಿಲ್ಲ. ಕಾರ್ಖಾನೆಗೆ ಬೇಕಿರೋದು ಮುಂದಿನ ಆರ್ಡರ್, ಆಡಿಟ್ ಕಂಪನಿಗೆ ಬೇಕಿರೋದು ಮುಂದಿನ ಆಡಿಟ್. ಇಬ್ಬರಿಗೂ ಬೇಕಿರೋದು ಒಂದು ‘ಪಾಸ್’ ಸರ್ಟಿಫಿಕೇಟ್.

ಇದರ ಪರಿಣಾಮ ಏನಾಗಬಹುದು ಅನ್ನೋದಕ್ಕೆ ಎರಡು ದಿನಾಂಕ ಹೇಳ್ತೀನಿ. 2012ರ ಸೆಪ್ಟೆಂಬರ್ 11, ಕರಾಚಿ. ಅಲಿ ಎಂಟರ್‌ಪ್ರೈಸಸ್ ಅನ್ನೋ ಕಾರ್ಖಾನೆಗೆ ಬೆಂಕಿ ಬಿತ್ತು. 250ಕ್ಕೂ ಹೆಚ್ಚು ಜನ ಸತ್ತರು. ಕಿಟಕಿಗಳಿಗೆ ಸರಳು, ಬಾಗಿಲುಗಳಿಗೆ ಬೀಗ. ಕೆಲವೇ ವಾರಗಳ ಹಿಂದೆ ಆ ಕಾರ್ಖಾನೆಗೆ ‘ಎಸ್‌ಎ 8000’ ಅನ್ನೋ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತ್ತು. ಎರಡನೇದು 2013ರ ಏಪ್ರಿಲ್ 24, ಢಾಕಾ ಹತ್ತಿರದ ರಾಣಾ ಪ್ಲಾಜಾ. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಆದರೂ ಬೆಳಗ್ಗೆ ಕೆಲಸಕ್ಕೆ ಕರೆಸಿದ್ರು. ಕಟ್ಟಡ ಕುಸಿದು 1,134 ಜನ ಸತ್ತರು. ಅದರೊಳಗಿದ್ದ ಕೆಲವು ಕಾರ್ಖಾನೆಗಳಲ್ಲಿ ಸೋಷಿಯಲ್ ಆಡಿಟ್ ಆಗಿತ್ತು.

ಅದೆಲ್ಲ ದೂರದ ಮಾತು ಅನ್ನಿಸಬಹುದು. ಹಾಗಾದರೆ ಹತ್ತಿರ ಬರೋಣ. ನಾನು ಕೂತಿರೋ ಅಗ್ರಹಾರದಿಂದ ಶ್ರೀರಂಗಪಟ್ಟಣಕ್ಕೆ ಹದಿನೈದು–ಹದಿನಾರು ಕಿಲೋಮೀಟರ್. ಅಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಯ ಒಂದು ಘಟಕ ಇತ್ತು, ಯೂರೋ ಕ್ಲೋದಿಂಗ್ ಕಂಪನಿ-2, ಚಿಕ್ಕದಾಗಿ ಇಸಿಸಿ-2. ಅಲ್ಲಿ ಹೊಲೀತಿದ್ದದ್ದು ಎಚ್ ಅಂಡ್ ಎಂ ಬಟ್ಟೆ. ಸುಮಾರು 1,200 ಜನ, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಜೊತೆಗೆ ಅಲ್ಲಿ ಯೂನಿಯನ್ ಇತ್ತು: ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್. ಗಾರ್ಮೆಂಟ್ಸ್‌ನಲ್ಲಿ ಇದು ಅಪರೂಪ.

2020ರ ಜೂನ್ ಮೊದಲ ವಾರ, ಕೋವಿಡ್ ಸಮಯ. ಕಾರ್ಖಾನೆಯಿಂದ ಮೆಷಿನ್ನುಗಳನ್ನ ಸಾಗಿಸೋಕೆ ಶುರು ಮಾಡಿದ್ರು. ಲೇ-ಆಫ್ ನೋಟಿಸ್ ಬಂತು. ಆರ್ಡರ್ ಇಲ್ಲ, ಅದಕ್ಕೇ ಮುಚ್ಚುತ್ತಿದ್ದೀವಿ ಅನ್ನೋದು ಕಂಪನಿಯ ವಾದ. ಯೂನಿಯನ್ ಇರೋ ಘಟಕವನ್ನೇ ಹುಡುಕಿ ಮುಚ್ಚುತ್ತಿದ್ದೀರಿ ಅನ್ನೋದು ಯೂನಿಯನ್ ವಾದ. ಆಗಿನ ಕೈಗಾರಿಕಾ ವಿವಾದ ಕಾಯ್ದೆ ಪ್ರಕಾರ ಇಷ್ಟು ದೊಡ್ಡ ಕಾರ್ಖಾನೆ ಲೇ-ಆಫ್ ಮಾಡೋ ಮುಂಚೆ ಸರ್ಕಾರದ ಅನುಮತಿ ಪಡೀಬೇಕು, ಅದನ್ನ ಪಡೆದಿಲ್ಲ ಅಂತಲೂ ಯೂನಿಯನ್ ಹೇಳಿತು. ಹೆಣ್ಣುಮಕ್ಕಳು ಕಾರ್ಖಾನೆಯಲ್ಲೇ ಧರಣಿ ಕೂತರು. ವಾರಗಟ್ಟಲೆ ಕೂತರು.

ಈಗ ನಮ್ಮ ವಿಷಯಕ್ಕೆ ಬೇಕಾದ ಭಾಗ. ಎಚ್ ಅಂಡ್ ಎಂ ಬರೀ ಕೋಡ್ ಆಫ್ ಕಂಡಕ್ಟ್ ಇಟ್ಟುಕೊಂಡಿದ್ದ ಕಂಪನಿ ಅಲ್ಲ. 2015ರಲ್ಲಿ ಅದು ಇಂಡಸ್ಟ್ರಿಆಲ್ ಅನ್ನೋ ಜಾಗತಿಕ ಕಾರ್ಮಿಕ ಒಕ್ಕೂಟದ ಜೊತೆ ಒಪ್ಪಂದಕ್ಕೆ ಸಹಿ ಹಾಕಿತ್ತು. ಸರಬರಾಜು ಮಾಡೋ ಕಾರ್ಖಾನೆಗಳಲ್ಲಿ ಯೂನಿಯನ್ ಕಟ್ಟೋ ಹಕ್ಕನ್ನ ಎತ್ತಿಹಿಡೀತೀವಿ ಅಂತ ಅದರಲ್ಲಿ ಇದೆ. ಶ್ರೀರಂಗಪಟ್ಟಣದ ಹೆಣ್ಣುಮಕ್ಕಳು ಸ್ವೀಡನ್ನಿನ ಕಂಪನಿಯನ್ನ ಪ್ರಶ್ನೆ ಕೇಳೋಕೆ ಆಗಿದ್ದು ಆ ಕಾಗದದಿಂದ. ಸುದ್ದಿ ಹೊರದೇಶದ ಪತ್ರಿಕೆಗಳಿಗೆ ಹೋಯ್ತು, ಇಂಡಸ್ಟ್ರಿಆಲ್ ಮಧ್ಯೆ ಬಂತು. 2021ರ ಆರಂಭದಲ್ಲಿ ಗೋಕಲ್‌ದಾಸ್ ಯೂನಿಯನ್ನಿಗೆ ಮಾನ್ಯತೆ ಕೊಟ್ಟು, ಕೆಲಸ ಕಳೆದುಕೊಂಡವರನ್ನ ಮತ್ತೆ ತೆಗೆದುಕೊಳ್ಳೋಕೆ ಒಪ್ಪಿತು.

ಗೆಲುವು ತಾನೇ? ಗೆಲುವೇ. ಆದರೆ ಕ್ಯಾಲೆಂಡರ್ ನೋಡಿ. ಜೂನ್‌ನಿಂದ ಮುಂದಿನ ವರ್ಷದ ತನಕ ಸಂಬಳ ಇಲ್ಲದೆ ಎಷ್ಟು ಮನೆ ನಡೆಯುತ್ತೆ? ಅಷ್ಟರಲ್ಲಿ ಅನೇಕರು ರಾಜೀನಾಮೆ ಕೊಟ್ಟು, ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೋಗಿದ್ರು. ಕಾಗದದಲ್ಲಿದ್ದ ಹಕ್ಕು ಕೈಗೆ ಬರೋಕೆ ಎಂಟು ತಿಂಗಳ ತಾಳ್ಮೆ, ಒಂದು ಯೂನಿಯನ್, ಒಂದು ಜಾಗತಿಕ ಒಕ್ಕೂಟ, ಒಂದಿಷ್ಟು ಪತ್ರಕರ್ತರು ಬೇಕಾಯ್ತು. ಇವು ಯಾವುದೂ ಇಲ್ಲದ ಕಾರ್ಖಾನೆ ಮುಚ್ಚಿದ್ದರೆ ನಮಗೆ ಗೊತ್ತೂ ಆಗ್ತಿರಲಿಲ್ಲ.

ಈಗ ಮತ್ತೆ 417ಕ್ಕೆ ಬರೋಣ. ಅಲ್ಲಿ ಒಂದು ತಿರುವು ಇದೆ. ಇಷ್ಟೊತ್ತು ಕೇಳಿದವರಲ್ಲಿ ಕೆಲವರು ಅಂದುಕೊಂಡಿರಬಹುದು, ‘ಸರಿ ಬಿಡಪ್ಪಾ, ಕಂಪನಿಗಳನ್ನ ನಂಬಬಾರದು, ಸರ್ಕಾರವೇ ನೋಡಿಕೊಳ್ಳಲಿ.’ ಸ್ವಲ್ಪ ತಡೀರಿ. 2020ರ ಜುಲೈ 20ರಂದು ತುಟ್ಟಿಭತ್ಯೆ ಏರಿಕೆಯನ್ನ ಮುಂದಿನ ವರ್ಷ ಮಾರ್ಚ್ ತನಕ ಮುಂದೂಡಿ ಆದೇಶ ಹೊರಡಿಸಿದ್ದು ಯಾರು? ನಮ್ಮ ರಾಜ್ಯ ಸರ್ಕಾರವೇ. ಕಾರ್ಮಿಕ ಸಂಘಟನೆಗಳು ಹೈಕೋರ್ಟಿಗೆ ಹೋದವು. ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಬಾಕಿ ಸಮೇತ ಕೊಡಬೇಕು ಅಂದಿತು. ಆಮೇಲೂ ಕಾರ್ಖಾನೆಗಳು, ಕೇಸು ಇನ್ನೂ ಪೂರ್ತಿ ತೀರ್ಮಾನ ಆಗಿಲ್ಲ ಅಂತ ಕೊಡದೇ ಕೂತವು.

ಅಂದ್ರೆ ಅಲ್ಲಿ ಕಾವಲು ಕಾಯೋಕೆ ಇದ್ದವರು ಇಬ್ಬರು. ಸರ್ಕಾರ ಮುಂದೂಡಿತು. ಬ್ರ್ಯಾಂಡುಗಳು ಸುಮ್ಮನಿದ್ದವು. ಕೊನೆಗೆ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಆ ಬ್ರ್ಯಾಂಡುಗಳ ಸಂಹಿತೆಯನ್ನೇ ಅವರ ಮುಂದೆ ಹಿಡಿದು, ನೀವು ಬರೆದಿರೋದು ಇದು, ನಡೀತಿರೋದು ಅದು ಅಂತ ಕೇಳಿತು. 2021ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯಲ್ಲಿ ದೊಡ್ಡ ಸುದ್ದಿ ಆಯ್ತು. 2022ರ ಆರಂಭದಲ್ಲಿ ದೇಶದ ಅತಿದೊಡ್ಡ ಬಟ್ಟೆ ರಫ್ತು ಕಂಪನಿಗಳಲ್ಲಿ ಒಂದಾದ ಶಾಹಿ ಎಕ್ಸ್‌ಪೋರ್ಟ್ಸ್ ತನ್ನ ಕಾರ್ಮಿಕರಿಗೆ ಬಾಕಿ ಕೊಡೋಕೆ ಒಪ್ಪಿತು. ಇನ್ನೂ ಕೆಲವು ಕಂಪನಿಗಳು ಅದೇ ದಾರಿ ಹಿಡಿದವು.

ನನಗೆ ಇದರಲ್ಲಿ ಕಾಣೋದು ಇಷ್ಟು. ‘ಕಂಪನಿ ರೂಲ್ಸಾ, ಸರ್ಕಾರದ ಕಾನೂನಾ?’ ಅಂತ ನಾವು ಜಗಳ ಆಡ್ತೀವಲ್ಲ, ಆ ಪ್ರಶ್ನೆಯೇ ಅರ್ಧ. ಕೇಳಬೇಕಾದ್ದು: ಆ ರೂಲ್ಸನ್ನ ಹಿಡಿದು ಕೇಳೋ ಶಕ್ತಿ, ಯಾರಿಗೆ ನಷ್ಟ ಆಗುತ್ತೋ ಅವರ ಕೈಯಲ್ಲಿ ಇದೆಯಾ? ಇಲ್ಲಾಂದ್ರೆ ಸಂಹಿತೆಯೂ ಬರೀ ಕಾಗದ, ಕಾನೂನೂ ಬರೀ ಕಾಗದ. ಇದ್ರೆ, ಕಂಪನಿ ತಾನಾಗೇ ಬರೆದ ಸಾಲು ಕೂಡ ಒಂದು ದಿನ ಕೆಲಸಕ್ಕೆ ಬರುತ್ತೆ.

ಹಾಗೆ ಶಕ್ತಿ ಇಟ್ಟು ಮಾಡಿದ ಒಪ್ಪಂದಗಳು ಇದ್ದಾವಾ? ಇದ್ದಾವೆ. ರಾಣಾ ಪ್ಲಾಜಾ ಕುಸಿದ ಕೆಲವೇ ವಾರಗಳಲ್ಲಿ, 2013ರ ಮೇನಲ್ಲಿ, ‘ಬಾಂಗ್ಲಾದೇಶ ಅಕಾರ್ಡ್’ ಬಂತು. 200ಕ್ಕೂ ಹೆಚ್ಚು ಬ್ರ್ಯಾಂಡುಗಳು ಕಾರ್ಮಿಕ ಸಂಘಗಳ ಜೊತೆ ಸಹಿ ಹಾಕಿದವು. ವ್ಯತ್ಯಾಸ ಎಲ್ಲಿ ಅಂದ್ರೆ ಇದು ಕಾನೂನುಬದ್ಧ ಒಪ್ಪಂದ ಆಗಿತ್ತು. ತಪಾಸಣೆ ವರದಿ ಎಲ್ಲರಿಗೂ ಕಾಣೋ ಹಾಗೆ ಪ್ರಕಟ ಮಾಡಬೇಕಿತ್ತು. ಬ್ರ್ಯಾಂಡ್ ಮಾತು ತಪ್ಪಿದರೆ ಯೂನಿಯನ್ನುಗಳು ಮಧ್ಯಸ್ಥಿಕೆ ಕೋರ್ಟಿಗೆ ಎಳೀಬಹುದಿತ್ತು. ಎಳೆದ್ರು ಕೂಡ. ಹೇಗ್ ನಗರದ ಶಾಶ್ವತ ಮಧ್ಯಸ್ಥಿಕೆ ನ್ಯಾಯಾಲಯದಲ್ಲಿ ಎರಡು ಕೇಸು ನಡೆದವು. ಅದರಲ್ಲಿ ಒಂದು ಬ್ರ್ಯಾಂಡ್ 2018ರಲ್ಲಿ 23 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ತು. ಆ ದುಡ್ಡಿನ ಬಹುಪಾಲು 150ಕ್ಕೂ ಹೆಚ್ಚು ಕಾರ್ಖಾನೆಗಳನ್ನ ಸುರಕ್ಷಿತ ಮಾಡೋ ಕೆಲಸಕ್ಕೆ.

ಇನ್ನೊಂದು ನಮ್ಮ ಪಕ್ಕದ ತಮಿಳುನಾಡಿನದು. 2021ರ ಜನವರಿಯಲ್ಲಿ ದಿಂಡಿಗಲ್ ಜಿಲ್ಲೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ದಲಿತ ಯುವತಿಯ ಕೊಲೆ ಆಯ್ತು. ಕೆಲಸದ ಜಾಗದಲ್ಲಿ ನಡೆಯೋ ಲೈಂಗಿಕ ಕಿರುಕುಳದ ವಿಷಯ ಆಗ ದೊಡ್ಡದಾಗಿ ಹೊರಬಂತು. ಅಲ್ಲಿನ ಹೆಣ್ಣುಮಕ್ಕಳೇ ನಡೆಸೋ ಯೂನಿಯನ್ ಹೋರಾಡಿ, 2022ರ ಏಪ್ರಿಲ್‌ನಲ್ಲಿ ‘ದಿಂಡಿಗಲ್ ಒಪ್ಪಂದ’ ಆಯ್ತು. ಕಾರ್ಖಾನೆ ನಡೆಸೋ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಸಹಿ ಹಾಕಿತು, ಎಚ್ ಅಂಡ್ ಎಂ ಕೂಡ ಹಾಕಿತು, ಆಮೇಲೆ ಗ್ಯಾಪ್, ಪಿವಿಎಚ್ ಸೇರಿಕೊಂಡವು. ಅದರಡಿ ತರಬೇತಿ ಪಡೆದ ಕಾರ್ಮಿಕ ಮಹಿಳೆಯರೇ ಫ್ಲೋರ್‌ನಲ್ಲಿ ನಿಗಾ ಇಡ್ತಿದ್ರು. ಕಾರ್ಖಾನೆ ಒಪ್ಪಂದ ಮುರಿದರೆ ಆರ್ಡರ್‌ಗೇ ಪೆಟ್ಟು ಬೀಳೋ ಹಾಗಿತ್ತು. ಹೊರಗಿಂದ ಆರು ತಿಂಗಳಿಗೊಮ್ಮೆ ಬರೋ ಆಡಿಟರ್‌ಗಿಂತ, ಪಕ್ಕದ ಮೆಷಿನ್ನಿನಲ್ಲಿ ಕೂತವಳಿಗೆ ಜಾಸ್ತಿ ಗೊತ್ತಿರುತ್ತೆ ಅಲ್ವಾ?

ದೇಶಗಳೂ ನಿಧಾನವಾಗಿ ಈ ಕಡೆ ಬರ್ತಿವೆ. ಫ್ರಾನ್ಸ್ 2017ರಲ್ಲಿ ಕಾನೂನು ಮಾಡಿತು, ಜರ್ಮನಿಯ ಕಾನೂನು 2023ರಿಂದ ಜಾರಿಗೆ ಬಂತು. ನಿಮ್ಮ ಸರಬರಾಜುದಾರನ ಕಾರ್ಖಾನೆಯಲ್ಲಿ ಏನಾಗ್ತಿದೆ ಅಂತ ನೋಡೋದು ನಿಮ್ಮದೇ ಜವಾಬ್ದಾರಿ ಅನ್ನುತ್ತೆ ಈ ಕಾನೂನು. ಯೂರೋಪಿಯನ್ ಒಕ್ಕೂಟ 2024ರಲ್ಲಿ ಇಂಥದ್ದೇ ನಿರ್ದೇಶನ ತಂತು, ಮರುವರ್ಷವೇ ಉದ್ಯಮಗಳ ಒತ್ತಡಕ್ಕೆ ಅದನ್ನ ಸಡಿಲಿಸೋ ಕೆಲಸವೂ ಶುರುವಾಯ್ತು. ನಮ್ಮಲ್ಲಿ ಸೆಬಿ, ದೊಡ್ಡ 1,000 ಲಿಸ್ಟೆಡ್ ಕಂಪನಿಗಳು ಪರಿಸರ, ಕಾರ್ಮಿಕರು ಇವುಗಳ ಬಗ್ಗೆ ವರ್ಷಕ್ಕೊಮ್ಮೆ ವರದಿ ಕೊಡಬೇಕು ಅಂತ ಕಡ್ಡಾಯ ಮಾಡಿದೆ. ಒಳ್ಳೇದೇ. ಆದರೆ ಲಿಸ್ಟೆಡ್ ಅಲ್ಲದ ಕಂಪನಿಗಳಲ್ಲಿ ಹೊಲಿಯೋರ ಕಥೆ ಅದರಲ್ಲಿ ಬರಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲಿ ಇನ್‌ಸ್ಪೆಕ್ಟರ್ ಈಗ ‘ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್’, ಅಂದ್ರೆ ಅರ್ಧ ತಪಾಸಣೆ, ಅರ್ಧ ಸಲಹೆ. ಮೊದಲು 100 ಜನರ ಕಾರ್ಖಾನೆ ಮುಚ್ಚೋಕೆ ಸರ್ಕಾರದ ಅನುಮತಿ ಬೇಕಿತ್ತು. ಈಗ ಆ ಸಂಖ್ಯೆ 300. ಉದ್ಯಮಕ್ಕೆ ಇದರಿಂದ ಅನುಕೂಲ ಅಂತಾರೆ, ಇರಬಹುದು. ಆದರೆ ಕಾನೂನು ಹಿಂದಕ್ಕೆ ಸರಿದ ಜಾಗಕ್ಕೆ ಬರೋದು ಕಂಪನಿಗಳ ಸ್ವಯಂ ನಿಯಂತ್ರಣವೇ. ಅದಕ್ಕೇ ಅದರ ಗುಣಮಟ್ಟದ ಬಗ್ಗೆ ನಾವು ತಲೆ ಕೆಡಿಸಿಕೊಳ್ಳಬೇಕು.

ಇದು ಬಟ್ಟೆಗೆ ಮಾತ್ರ ಸಂಬಂಧಪಟ್ಟದ್ದಲ್ಲ. ನಿಮ್ಮ ಫೋನನ್ನೇ ತಗೊಳ್ಳಿ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಗೇಮುಗಳ ವಿಷಯದಲ್ಲಿ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ, ಸ್ವಯಂ ನಿಯಂತ್ರಣ ಸಂಸ್ಥೆಗಳು ಯಾವ ಗೇಮ್ ಸರಿ, ಯಾವುದು ತಪ್ಪು ಅಂತ ತೀರ್ಮಾನ ಮಾಡಲಿ ಅನ್ನೋ ನಿಯಮ ತಂತು. ಅಂಥ ಒಂದು ಸಂಸ್ಥೆಗೂ ಕೊನೆಗೆ ಮಾನ್ಯತೆ ಸಿಗಲಿಲ್ಲ. ಈ ಮಧ್ಯೆ ದುಡ್ಡು ಕಳ್ಕೊಂಡವರು ಕಳ್ಕೊಂಡ್ರು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಥ ಗೇಮುಗಳನ್ನೇ ನಿಷೇಧ ಮಾಡೋ ಕಾನೂನು ತಂತು. ಮೊದಲು ಪೂರ್ತಿ ಬಿಟ್ಟಿದ್ದರು, ಆಮೇಲೆ ಪೂರ್ತಿ ಮುಚ್ಚಿದರು. ಮಧ್ಯದಲ್ಲಿ ಆಟಗಾರನಿಗೆ ದೂರು ಕೊಡೋಕೆ ಒಂದು ಗಟ್ಟಿ ಜಾಗ ಕಟ್ಟೋ ಕೆಲಸ ಮಾತ್ರ ಆಗಲಿಲ್ಲ.

ಹಾಗಾದರೆ ನಾವು ಏನು ಮಾಡಬಹುದು? ಅಂಗಡಿಗೆ ಹೋಗಬೇಡಿ, ಬ್ರ್ಯಾಂಡ್ ಬಟ್ಟೆ ಹಾಕಬೇಡಿ ಅಂತ ನಾನು ಹೇಳಲ್ಲ. ಆರ್ಡರ್ ನಿಂತರೆ ಮೊದಲು ಕೆಲಸ ಹೋಗೋದು ಮಂಡ್ಯದ, ಮದ್ದೂರಿನ ಹೆಣ್ಣುಮಕ್ಕಳದ್ದೇ. ಅದರ ಬದಲು, ಯಾವುದೇ ಕಂಪನಿ ‘ನಮ್ಮದು ಕಟ್ಟುನಿಟ್ಟಿನ ನೀತಿ’ ಅಂದಾಗ ಮೂರು ಪ್ರಶ್ನೆ ಕೇಳೋದು ರೂಢಿ ಮಾಡ್ಕೊಳ್ಳಿ.

ಒಂದು, ತಪಾಸಣೆ ಮಾಡೋನಿಗೆ ದುಡ್ಡು ಕೊಡೋದು ಯಾರು?

ಎರಡು, ಆ ವರದಿಯನ್ನ ಯಾರು ಓದಬಹುದು?

ಮೂರು, ಕಂಪನಿ ಮಾತು ತಪ್ಪಿದರೆ, ನಷ್ಟ ಆದ ಮನುಷ್ಯ ಎಲ್ಲಿಗೆ ಹೋಗಿ ಕೇಳಬಹುದು, ಅಲ್ಲಿ ಕೇಳಿದರೆ ಕಂಪನಿಗೆ ಏನು ಕಳೆಯುತ್ತೆ?

ಮೂರನೇ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅದು ನಿಯಂತ್ರಣ ಅಲ್ಲ, ಜಾಹೀರಾತು.

ಇನ್ನೊಂದು ಸಣ್ಣ ಕೆಲಸ ಇದೆ, ಫೋನಿನಲ್ಲೇ ಮಾಡಬಹುದು. ಹಲವು ದೊಡ್ಡ ಬ್ರ್ಯಾಂಡುಗಳು ಈಗ ತಮ್ಮ ಕಾರ್ಖಾನೆಗಳ ಪಟ್ಟಿಯನ್ನ ವಿಳಾಸ ಸಮೇತ ಪ್ರಕಟ ಮಾಡ್ತವೆ. ‘ಓಪನ್ ಸಪ್ಲೈ ಹಬ್’ ಅನ್ನೋ ವೆಬ್‌ಸೈಟಿನಲ್ಲಿ ಅಂಥ ಪಟ್ಟಿಗಳು ಒಂದೇ ಕಡೆ ಸಿಗ್ತವೆ, ಹುಡುಕೋಕೆ ದುಡ್ಡಿಲ್ಲ. ನಿಮ್ಮ ಜಿಲ್ಲೆಯ ಹೆಸರು ಹಾಕಿ ನೋಡಿ. ನಿಮ್ಮೂರಿಂದ ಬೆಳಗ್ಗೆ ಹೊರಡೋ ಗಾರ್ಮೆಂಟ್ಸ್ ಬಸ್ಸು ಯಾವ ಬ್ರ್ಯಾಂಡಿಗೆ ಹೋಗುತ್ತೆ ಅಂತ ಗೊತ್ತಾಗಬಹುದು. ಗೊತ್ತಾದರೆ, ಆ ಬಸ್ಸಿನಲ್ಲಿ ಹೋಗೋ ನಿಮ್ಮ ಅಕ್ಕನೋ, ಚಿಕ್ಕಮ್ಮನೋ, ಪಕ್ಕದ ಮನೆಯವರೋ ಇದ್ದರೆ ಅವರಿಗೆ ಆ ಹೆಸರು ಹೇಳಿ. ಶ್ರೀರಂಗಪಟ್ಟಣದಲ್ಲಿ ಹೋರಾಟಕ್ಕೆ ಬಲ ಬಂದಿದ್ದರಲ್ಲಿ, ಈ ಬಟ್ಟೆ ಯಾರದ್ದು ಅಂತ ಅಲ್ಲಿನ ಹೆಣ್ಣುಮಕ್ಕಳಿಗೆ ಗೊತ್ತಿದ್ದದ್ದೂ ಒಂದು ಕಾರಣ.

ಇವತ್ತಿಗೆ ಇಷ್ಟು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡೋರು ಯಾರಾದರೂ ಇದನ್ನ ಕೇಳ್ತಾ ಇದ್ರೆ, ಆ 417ರ ಬಾಕಿ ನಿಮಗೆ ಪೂರ್ತಿ ಬಂತಾ, ಅರ್ಧ ಬಂತಾ, ಬರಲೇ ಇಲ್ವಾ ಅಂತ ವಾಯ್ಸ್ ಮೆಸೇಜ್ ಕಳಿಸಿ. ನಿಮ್ಮ ಹೆಸರು, ಕಾರ್ಖಾನೆ ಹೆಸರು ಹೇಳೋದು ಬೇಡ. ಹಳೇ ಸಂಬಳದ ಚೀಟಿ ಇದ್ರೆ ಮಾತ್ರ ಜೋಪಾನವಾಗಿ ಇಟ್ಕೊಳ್ಳಿ, ಬಿಸಾಡಬೇಡಿ. ಮುಂದಿನ ವಾರ ಸಿಗೋಣ. ನಮಸ್ಕಾರ.